ಕಂಬ ಆಮೇಲೆ, ಮೊದಲು ಚೌಕಿ ಎಲ್ಲಿ ಹೇಳಿ

ಮುಂಬೈಯಲ್ಲಿ ಕಟ್ಟಡಗಳ ನಕ್ಷೆ ಮಾಡುವುದು ನನ್ನ ಕೆಲಸ. ಕರಾವಳಿಯವನು ಅಂತ ಗೊತ್ತಾದ ಕೂಡಲೇ ಸಂಘಗಳ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ನಮ್ಮದೇ ಒಂದು ರಂಗಮಂದಿರ ಕಟ್ಟಬೇಕು ಅಂತಿದೆ ಮಾರಾಯ್ರೇ. ನೋಡಿದ ಕೂಡಲೇ ನಮ್ಮವರದ್ದು ಅನ್ನಿಸಬೇಕು. ಎದುರಿಗೆ ಹೊಯ್ಸಳ ಕಂಬ ನಿಲ್ಲಿಸಿದರೆ ಹೇಗೆ?"

ನಿಲ್ಲಿಸಬಹುದು. ಸಿಮೆಂಟಿನಲ್ಲಿ ಎರಕ ಹೊಯ್ದು ಬಣ್ಣ ಬಳಿದರೆ ಆಯಿತು. ಆದರೆ ಕಂಬ ನೋಡಲು ಯಾರೂ ಟಿಕೆಟ್ ತಗೊಳ್ಳುವುದಿಲ್ಲ. ಅದಕ್ಕೇ ನಾನು ತಿರುಗಿ ಕೇಳುತ್ತೇನೆ: ಒಳಗೆ ಜಾಸ್ತಿ ನಡೆಯುವುದು ಏನು? ಯಾವ ತಿಂಗಳಲ್ಲಿ?

ಯಕ್ಷಗಾನ, ಮಳೆಗಾಲದಲ್ಲಿ ಅನ್ನುತ್ತಾರೆ. ಸರಿಯೇ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಊರಿನ ಮೇಳಗಳ ತಿರುಗಾಟ ಮುಗಿಯುತ್ತದೆ. ಬಿಡುವಾದ ಕಲಾವಿದರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಊರಿನಲ್ಲಿ ಬಯಲಲ್ಲಿ ನಡೆಯುವ ಆಟ ಇಲ್ಲಿ ಹೊರಗೆ ಧೋ ಅಂತ ಮಳೆ ಸುರಿಯುವಾಗ ಮುಚ್ಚಿದ ಹಾಲ್‌ನೊಳಗೆ ನಡೆಯುತ್ತದೆ. ನಮ್ಮತನ ಹುಡುಕಬೇಕಾದದ್ದು ಇಲ್ಲಿಂದ.

ಮೊದಲು ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ. ಮಾಮೂಲಿ ಹಾಲ್‌ಗಳಲ್ಲಿ ಮೇಕಪ್ ರೂಮ್ ಅಂದರೆ ಎರಡು ಸಣ್ಣ ಕೋಣೆ, ಗೋಡೆಗೆ ಕನ್ನಡಿ, ನಾಲ್ಕು ಕುರ್ಚಿ. ನಮ್ಮ ವೇಷಧಾರಿಗಳೋ ನೆಲದ ಮೇಲೆ ಸಾಲಾಗಿ ಕೂತು, ಕೈಗನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವವರು. ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೂ ಕ್ರಮ ಇದೆ. ಗಣಪತಿಗೆ ದೀಪ ಇಡಬೇಕು, ಆರತಿ ಆಗಬೇಕು. ಆ ಜಾಗದ ನೆತ್ತಿಯ ಮೇಲೇ ಹೊಗೆಯ ಅಲಾರಂ ಕೂರಿಸಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಹಾಗಾಗಿ ಒಂದೇ ದೊಡ್ಡ ಕೋಣೆ ಇರಲಿ. ಒದ್ದೆ ಬಟ್ಟೆ ಒಣಗಿಸಲು ಫ್ಯಾನಿನ ಕೆಳಗೆ ಹಗ್ಗ ಕಟ್ಟುವ ಕೊಕ್ಕೆ ಇರಲಿ. ವೇಷದ ಪೆಟ್ಟಿಗೆಗಳು ನೆನೆಯದ ಹಾಗೆ ಇಳಿಸಲು ವ್ಯಾನ್ ನಿಲ್ಲುವಲ್ಲಿ ಮೇಲೆ ಚಾವಣಿ ಬೇಕೇ ಬೇಕು.

ಇನ್ನು ಬಾಗಿಲು. ಮಾಮೂಲಿ ಬಾಗಿಲಿನ ಎತ್ತರ ಏಳು ಅಡಿ. ದೊಡ್ಡ ಕಿರೀಟ ಕಟ್ಟಿಕೊಂಡ ಬಣ್ಣದ ವೇಷ ಅದರಲ್ಲಿ ನೆಟ್ಟಗೆ ನಡೆದು ಬರಲು ಆಗುವುದಿಲ್ಲ. ರಾಕ್ಷಸ ತಲೆ ತಗ್ಗಿಸಿ, ಪಕ್ಕಕ್ಕೆ ತಿರುಗಿ ನುಸುಳಿದರೆ ಯಾರು ಹೆದರುತ್ತಾರೆ? ಮಹಿಷಾಸುರನಂತೂ ಜನರ ಹಿಂದಿನಿಂದ ಅಬ್ಬರಿಸುತ್ತಾ ಬರಬೇಕು. ನಡುದಾರಿ ಅಗಲವಿರಬೇಕು, ಅದು ಮೆಟ್ಟಿಲಿಲ್ಲದ ಇಳಿಜಾರಾಗಿ ರಂಗಕ್ಕೆ ಸೇರಬೇಕು. ದೊಂದಿ ಉರಿಸಲು ಅಗ್ನಿಶಾಮಕದವರು ಬಿಡುವುದಿಲ್ಲ, ಅದನ್ನು ಬೆಳಕಿನವರಿಗೆ ಬಿಡೋಣ. ಚೆಂಡೆಯ ಪೆಟ್ಟು ವಾಪಸ್ ಬಂದು ಭಾಗವತರ ಪದವನ್ನು ಮುಳುಗಿಸದ ಹಾಗೆ ಹಿಂದಿನ ಗೋಡೆಗೆ ಸದ್ದು ಹೀರುವ ಹಲಗೆ ಹಾಕಬೇಕು. ಮೈಕ್ ಜಾಸ್ತಿ ಮಾಡುವುದು ಇದಕ್ಕೆ ಮದ್ದಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಗೋವಾದವರ ಕೊಂಕಣಿ ನಾಟಕ ತಿಯಾತ್ರ್ ಮೊದಲು ಆಡಿದ್ದು ಇದೇ ಮುಂಬೈಯಲ್ಲಿ, 1892ರಲ್ಲಿ. ಅದರಲ್ಲಿ ದೃಶ್ಯಗಳ ನಡುವೆ ಹಾಡುಗಳು ಬರುತ್ತವೆ. ಪರದೆ ಬಿದ್ದಾಗಲೂ ಹಾಡುವವರಿಗೆ ಅದರ ಮುಂದೆ ಜಾಗ ಬೇಕು. ಅವರ ರಂಗಮಂದಿರಕ್ಕೆ ಆ ಜಾಗವೇ ಗುರುತು.

"ಹಾಗಾದರೆ ಹೊರಗೆ ಏನೂ ಕಾಣುವುದೇ ಬೇಡವಾ?" ಅಂತ ಮುಖ ಸಣ್ಣ ಮಾಡುತ್ತಾರೆ. ಕಾಣಲಿ. ಅಂಥವರಿಗೆ ಪಣಜಿಯ ಕಲಾ ಅಕಾಡೆಮಿ ನೋಡಿ ಬನ್ನಿ ಅನ್ನುತ್ತೇನೆ. ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ, 1983ರಲ್ಲಿ ಮುಗಿದದ್ದು. ಮಾಂಡೋವಿ ದಂಡೆಯಲ್ಲಿ ತಗ್ಗಾಗಿ ಹರಡಿಕೊಂಡಿದೆ. ಚರ್ಚಿನ ಗೋಪುರದ ನಕಲು ಇಲ್ಲ. ರಸ್ತೆ ಕಡೆಯಿಂದ ನೆರಳಲ್ಲೇ ನಡೆದು ನದಿಯ ಕಡೆ ಹೋಗಬಹುದು. ಒಳಗೆ ಗೋಡೆಗಳ ಮೇಲೆ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಚಿತ್ರಗಳು: ಬಾಲ್ಕನಿಗಳಲ್ಲಿ ಕೂತ ಹಳೇ ಕಾಲದ ಗೋವಾ ಪ್ರೇಕ್ಷಕರು. ಅಲಂಕಾರ ಅಂದರೆ ನನಗೆ ಇಂಥದ್ದು ಇಷ್ಟ. ಅಲ್ಲಿನ ಜನರೇ ಗೋಡೆ ಹತ್ತಿದ್ದಾರೆ. (ಕಟ್ಟಿದರೆ ಸಾಲದು, ನೋಡಿಕೊಳ್ಳಲೂ ಬೇಕು. 2023ರಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಅಲ್ಲಿನ ಬಯಲು ರಂಗಮಂದಿರದ ವೇದಿಕೆಯ ಚಾವಣಿ ಕುಸಿಯಿತು.)

ಕೊನೆಗೆ ಜಾಗದ ಮಾತು. ಊರಿನಲ್ಲಿ ಆಟ ಬೆಳಗಿನವರೆಗೆ ನಡೆದೀತು. ಇಲ್ಲಿ ದೂರದ ಡೊಂಬಿವಲಿಯವರಿಗೆ ಲೋಕಲ್ ರೈಲು ಸಿಗಬೇಕು, ಮರುದಿನ ಡ್ಯೂಟಿ ಇರುತ್ತದೆ. ಮಾಟುಂಗಾದಲ್ಲಿ ನಮ್ಮವರ ಕಾರ್ಯಕ್ರಮಗಳು ನಡೆದುಕೊಂಡು ಬಂದದ್ದರಲ್ಲಿ ಸ್ಟೇಷನ್ನಿನ ಪಾಲೂ ಇದೆ. ದೂರದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಅಡ್ವಾನ್ಸ್ ಕೊಡುವ ಮೊದಲು, ವಯಸ್ಸಾದ ಒಬ್ಬರನ್ನು ಜೊತೆಗೆ ಕರ್ಕೊಂಡು ಸ್ಟೇಷನ್ನಿನಿಂದ ಅಲ್ಲಿಗೆ ಒಮ್ಮೆ ನಡೆದು ನೋಡಿ. ಅದೂ ಜುಲೈಯಲ್ಲಿ.