ಕಿಲೋಮೀಟರ್ ಕಮ್ಮಿ ಅಂತ ಕೈ ಸುಟ್ಟುಕೊಂಡ ಕತೆ

2019ರಲ್ಲಿ ಒಂದೇ ವಾರದಲ್ಲಿ ಎರಡು ಕಾರು ನೋಡಲು ಹೋಗಿದ್ದೆ. ಎರಡೂ ಎರಡು ಬಾಗಿಲಿನ ಜರ್ಮನ್ ಸ್ಪೋರ್ಟ್ಸ್ ಕಾರು. ಒಂದೇ ಮಾಡೆಲ್, ಒಂದೇ ವರ್ಷದ್ದು, 2012. ಕೋರಮಂಗಲದ ಕಾರು ಓಡಿದ್ದು ಬರೀ 9 ಸಾವಿರ ಕಿಲೋಮೀಟರ್. ಜಯನಗರದ ಡಾಕ್ಟರೊಬ್ಬರ ಕಾರು 46 ಸಾವಿರ ಓಡಿತ್ತು. ಡಾಕ್ಟರು ನಾಲ್ಕು ಲಕ್ಷ ಕಮ್ಮಿ ಹೇಳಿದರು. ನಾನು ಹಿಂದೆ ಮುಂದೆ ನೋಡದೆ 9 ಸಾವಿರದ್ದಕ್ಕೆ ಟೋಕನ್ ಕೊಟ್ಟು ಬಂದೆ.

ನನ್ನ ಕೆಲಸ ಹಳೆ ಕಾರಿಗೆ ಬೆಲೆ ಕಟ್ಟುವುದು. ಹೊಸೂರು ರಸ್ತೆ ಪಕ್ಕದ ಒಂದು ಯಾರ್ಡಿನಲ್ಲಿದ್ದೇನೆ. ಶುರುವಿನಲ್ಲಿ ಸ್ವಿಫ್ಟು, ಇನ್ನೋವಾ ನೋಡುತ್ತಿದ್ದೆ. ಆಮೇಲೆ ಯಜಮಾನರು ದುಬಾರಿ ಕಾರುಗಳ ಕಡೆಗೆ ಹಾಕಿದರು. ಸ್ವಿಫ್ಟ್ ನೋಡುವ ಬುದ್ಧಿಯನ್ನೇ ಇಲ್ಲಿಗೂ ಹೊತ್ತು ತಂದಿದ್ದೆ. ಓಡೋಮೀಟರ್ ನೋಡು, ಕಮ್ಮಿ ಇದ್ದರೆ ತಗೋ. ಅಷ್ಟೇ ಅಲ್ವಾ?

ಕಾರು ಯಾರ್ಡಿಗೆ ಬಂದ ದಿನ ನಮ್ಮ ಹಿರಿಯ ಮೆಕ್ಯಾನಿಕ್ ಅದರ ಸುತ್ತ ಒಂದು ಸುತ್ತು ಬಂದರು. ಅವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತೇವೆ. ಟೈರಿನ ಪಕ್ಕದಲ್ಲಿ ಕೂತು ಅದರ ಮೇಲಿನ ನಾಲ್ಕು ಅಂಕಿ ತೋರಿಸಿದರು: 0912. 2012ರ ಒಂಬತ್ತನೇ ವಾರದಲ್ಲಿ ತಯಾರಾದ ಟೈರು ಅಂತ ಅರ್ಥ. ಏಳು ವರ್ಷದ ರಬ್ಬರು. ಟೈರಿನ ಹಲ್ಲು (ಟ್ರೆಡ್) ಚೆನ್ನಾಗಿಯೇ ಇತ್ತು, ಆದರೆ ಉಗುರು ಒತ್ತಿದರೆ ಒಳಗೆ ಇಳಿಯುತ್ತಿರಲಿಲ್ಲ. ಆಮೇಲೆ ಬಾನೆಟ್ ಎತ್ತಿದರು. ಕೂಲಂಟ್ ಹೋಸ್ ಉಬ್ಬಿತ್ತು. ಬ್ರೇಕ್ ಆಯಿಲ್ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಇಂಜಿನ್ ಮೇಲಿನ ವೈರಿಂಗಿಗೆ ಇಲಿ ಬಾಯಿ ಹಾಕಿತ್ತು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಕವರ್ ಹಾಕಿ ಕೂರಿಸಿದ ಕಾರಿನೊಳಗೆ ಇಲಿ ಬೆಚ್ಚಗೆ ಸಂಸಾರ ಹೂಡುತ್ತದೆ, ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಇದು ಓಡಿಲ್ಲ ಸಾರ್, ಕೊಳೆತಿದೆ" ಅಂದರು ಭಾಯ್.

ಟೈರು, ಬ್ಯಾಟರಿ, ಹೋಸು, ವೈರಿಂಗು, ಇಂಜೆಕ್ಟರ್ ಕ್ಲೀನಿಂಗು ಎಲ್ಲ ಸೇರಿ ನಾನು ಹಾಕಿಕೊಂಡಿದ್ದ ಲಾಭ ಪೂರ್ತಿ ಹೋಯಿತು. ಅದೂ ಸಾಲದೆ ಕಾರು ಏಳು ತಿಂಗಳು ಯಾರ್ಡಿನಲ್ಲೇ ನಿಂತಿತು. ಬಂದ ಪಾರ್ಟಿಗಳು ಕೇಳುತ್ತಿದ್ದದ್ದು ಒಂದೇ: "ಸರ್ವೀಸ್ ರೆಕಾರ್ಡ್ ಕೊಡಿ." ಏಳು ವರ್ಷಕ್ಕೆ ಎರಡೇ ಬಿಲ್ಲು ಇದ್ದವು. ಓಡಿಸಲೇ ಇಲ್ಲ, ಸರ್ವೀಸ್ ಯಾಕೆ ಅಂತ ಓನರ್ ಲೆಕ್ಕ ಹಾಕಿದ್ದರಂತೆ. ಆಯಿಲ್‌ಗೆ ಕಿಲೋಮೀಟರ್ ಮಾತ್ರ ಅಲ್ಲ, ವಯಸ್ಸೂ ಆಗುತ್ತದೆ.

ಡಾಕ್ಟರ ಕಾರು ಹತ್ತೇ ದಿನದಲ್ಲಿ ಮಾರಾಟವಾಯಿತು ಅಂತ ಆಮೇಲೆ ಗೊತ್ತಾಯಿತು. ಕೇಳಿದ ಬೆಲೆಗೇ ಹೋಯಿತಂತೆ. ಅವರ ಹತ್ತಿರ ಒಂದು ದಪ್ಪ ಪ್ಲಾಸ್ಟಿಕ್ ಫೈಲು ಇತ್ತು. ನಾನು ಅವತ್ತು ಅದನ್ನು ಸುಮ್ನೆ ತಿರುವಿ ಹಾಕಿ ವಾಪಸ್ ಕೊಟ್ಟಿದ್ದೆ. ವರ್ಷಕ್ಕೊಂದು ಸರ್ವೀಸು, ಒಂದು ಸೆಟ್ ಟೈರು, ಬ್ರೇಕ್ ಡಿಸ್ಕು, ಕೊನೆಗೆ ಪಂಕ್ಚರ್ ಅಂಗಡಿಯ ಚೀಟಿ ಕೂಡ ಅದರಲ್ಲಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಕಾರು ತೆಗೆಯುತ್ತಿದ್ದರಂತೆ. 46 ಸಾವಿರ ಅಂದರೆ ಏಳು ವರ್ಷಕ್ಕೆ ಭಾಗಿಸಿ ನೋಡಿ, ವರ್ಷಕ್ಕೆ ಆರೂವರೆ ಸಾವಿರ. ಜಾಸ್ತಿಯೇ ಅಲ್ಲ ಅದು.

ಸವಕಳಿ, ಅಂದರೆ ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುವುದು, ಅನ್ನುವ ಮಾತನ್ನು ನಾನು ಬೇರೆ ಥರ ನೋಡಲು ಶುರು ಮಾಡಿದ್ದು ಅಲ್ಲಿಂದ. ಆಡಿಟರ್ ಹೇಳುವ ಸವಕಳಿ ಬೇರೆ. ಕಂಪನಿ ಹೆಸರಿನಲ್ಲಿ ಕಾರು ತಗೊಂಡವರು ವರ್ಷಕ್ಕೆ ಶೇ. 15 ಅಂತ ಬರೆದುಕೊಳ್ಳುತ್ತಾರೆ. ಇನ್ಶೂರೆನ್ಸ್‌ನವರ ಸವಕಳಿ ಇನ್ನೊಂದು. ಎರಡನೇ ವರ್ಷ ನಡೆಯುತ್ತಿರುವ ಕಾರಿಗೆ ಶೇ. 20 ಕಳೆದು ಐಡಿವಿ (ಪಾಲಿಸಿಯಲ್ಲಿ ಬರೆಯುವ ಕಾರಿನ ಬೆಲೆ) ಕಟ್ಟುತ್ತಾರೆ, ಮೂರನೆಯದಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಆ ಟೇಬಲ್‌ಗೆ ಆಲ್ಟೋನೂ ಒಂದೇ, ಪೋರ್ಷೆನೂ ಒಂದೇ. ಪಾರ್ಟಿಗಳು ಪಾಲಿಸಿ ಹಿಡಿದು ಬಂದು "ಐಡಿವಿ ಇಷ್ಟಿದೆ, ನೀವು ಕಮ್ಮಿ ಹೇಳ್ತಿದ್ದೀರಿ" ಅನ್ನುತ್ತಾರೆ. ಕಳ್ಳತನವಾದರೆ ಸಿಗುವ ದುಡ್ಡು ಅದು. ಕೊಳ್ಳುವವನು ಕೊಡುವ ದುಡ್ಡಲ್ಲ.

ನಮ್ಮ ಊರಿನಲ್ಲಿ ಮೊದಲ ಪೆಟ್ಟು ಬೀಳುವುದು ಶೋರೂಮಿನ ಬಾಗಿಲಲ್ಲೇ. 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಶೇ. 18. ಅದರ ಮೇಲೆ ಸೆಸ್ ಸೇರಿದರೆ ಹತ್ತಿರ ಹತ್ತಿರ 20. ಎಕ್ಸ್ ಶೋರೂಮ್ ಒಂದು ಕೋಟಿ ಅಂದರೆ ಬರೀ ಟ್ಯಾಕ್ಸೇ 20 ಲಕ್ಷ ಅಂದುಕೊಳ್ಳಿ. ಇನ್ಶೂರೆನ್ಸ್ ಬೇರೆ. ಓನರ್ ತಲೆಯಲ್ಲಿ ಕೂತಿರುವುದು ಈ ಆನ್ ರೋಡ್ ಬೆಲೆ. ನಾನು ಲೆಕ್ಕ ಶುರು ಮಾಡುವುದು ಎಕ್ಸ್ ಶೋರೂಮ್‌ನಿಂದ, ಅದೂ ಇವತ್ತಿನ ಎಕ್ಸ್ ಶೋರೂಮ್‌ನಿಂದ. ನಮ್ಮಿಬ್ಬರ ಜಗಳದಲ್ಲಿ ಮುಕ್ಕಾಲು ಪಾಲು ಇದೇ.

ಹಾಗಂತ ಆ ಟ್ಯಾಕ್ಸ್ ಪೂರ್ತಿ ನೀರಿಗೆ ಹೋಗುವುದಿಲ್ಲ. ಕಾರು ಕೆಎ ನಂಬರಿನಲ್ಲೇ ಕೈ ಬದಲಾದರೆ ಹೊಸ ಓನರ್ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕಿಲ್ಲ. ದೆಹಲಿ ಕಾರು ಅಗ್ಗ ಅಂತ ಓಡುವವರಿಗೆ ಇದು ಹೊಳೆಯುವುದಿಲ್ಲ. ಅಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ತುಂಬಿದರೆ ರಸ್ತೆಗಿಳಿಸುವಂತಿಲ್ಲ ಅನ್ನುವ ತೂಗುಗತ್ತಿ ವರ್ಷಗಟ್ಟಲೆ ನೇತಾಡಿದ್ದರಿಂದ ಬೆಲೆ ಇಳಿದಿರುತ್ತದೆ. ಇಲ್ಲಿಗೆ ತಂದು, ಎನ್ಒಸಿ ಕೊಟ್ಟು, ಕಾರಿನ ವಯಸ್ಸಿನ ಪ್ರಕಾರ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಹಾಕಿಸುವಷ್ಟರಲ್ಲಿ ಉಳಿತಾಯ ಕರಗಿರುತ್ತದೆ. ಕಟ್ಟದೆ ಓಡಿಸೋಣ ಅನ್ನುವ ಜಾಣರೂ ಇದ್ದಾರೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಕೆಂಪು ಫೆರಾರಿಗೆ ಬೆಂಗಳೂರಿನ ಸಾರಿಗೆ ಅಧಿಕಾರಿಗಳು 1.4 ಕೋಟಿಗೂ ಮೇಲೆ ಟ್ಯಾಕ್ಸ್ ಕಟ್ಟಿಸಿಕೊಂಡರು. ಅವತ್ತು ಬೇರೆ ರಾಜ್ಯದ ನಂಬರಿನ ಕಾರಿಟ್ಟುಕೊಂಡ ಮೂವರು ನನಗೆ ಫೋನ್ ಮಾಡಿದ್ದರು. ಮೂವರ ದನಿಯೂ ಸಣ್ಣಗಾಗಿತ್ತು.

ಇವತ್ತಿನ ಎಕ್ಸ್ ಶೋರೂಮ್ ಅಂದೆನಲ್ಲ, ಅದರ ರುಚಿ 2025ರ ಸೆಪ್ಟೆಂಬರ್ 22ಕ್ಕೆ ಸಿಕ್ಕಿತು. ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ, ಸೆಸ್ ಸೇರಿ ಶೇ. 45ರಿಂದ 50ರ ತನಕ ಇದ್ದದ್ದು ಆ ದಿನ ಒಟ್ಟು 40ಕ್ಕೆ ಇಳಿಯಿತು. ಹೊಸ ಕಾರು ಕೊಳ್ಳುವವರಿಗೆ ಹಬ್ಬ. ನಮ್ಮ ಯಾರ್ಡಿನಲ್ಲಿ ನಿಂತಿದ್ದ ಕಾರುಗಳು ಮಾತ್ರ ರಾತ್ರಿ ಬೆಳಗಾಗುವುದರೊಳಗೆ ಬಡವಾದವು. ಒಂದು ಗೀಚು ಬಿದ್ದಿಲ್ಲ, ಒಂದು ಕಿಲೋಮೀಟರ್ ಓಡಿಲ್ಲ, ಬೆಲೆ ಮಾತ್ರ ಇಳಿಯಿತು. ಆ ವಾರ ನಾನು ಹಳೆ ಕೊಟೇಶನ್ ಹನ್ನೊಂದನ್ನು ಹರಿದು ಹಾಕಿದೆ. ಹಿಂದೆಯೂ ಹೀಗಾಗಿತ್ತು. ಫೋಕ್ಸ್‌ವ್ಯಾಗನ್ ಕಂಪನಿಯ ಪುಟ್ಟ ಜೋರು ಕಾರು ಪೋಲೋ ಜಿಟಿಐ ನೆನಪಿದೆಯಾ? 2016ರಲ್ಲಿ 99 ಕಾರು ಮಾತ್ರ ತಂದರು. 1.8 ಲೀಟರ್ ಇಂಜಿನ್, ಮೂರು ಬಾಗಿಲು, 25 ಲಕ್ಷದ ಮೇಲೆ ಬೆಲೆ. ಮಾರದೆ ಉಳಿದವನ್ನು ಮರುವರ್ಷ 20 ಲಕ್ಷದ ಒಳಗೆ ಇಳಿಸಿದರು. ಮೊದಲು ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಡ!

ಆದರೆ ಅದೇ ಜಿಟಿಐ ಇವತ್ತು ಮಾರಾಟಕ್ಕೆ ಬಂದಿದೆ ಅಂತ ಸುದ್ದಿಯಾದರೆ ನನ್ನ ಫೋನ್ ಸುಮ್ಮನಿರುವುದಿಲ್ಲ. ಕಾರು ಕಮ್ಮಿ ಇದೆ ಅನ್ನುವುದೊಂದೇ ಕಾರಣ ಅಲ್ಲ. ಕಮ್ಮಿ ಮಾರಾಟವಾದ ಕಾರುಗಳು ಬೇಕಾದಷ್ಟಿವೆ, ಕೇಳುವವರೇ ಇಲ್ಲ. ಕಾಲೇಜಿನಲ್ಲಿದ್ದಾಗ ಪೋಸ್ಟರ್ ಅಂಟಿಸಿಕೊಂಡಿದ್ದ ಹುಡುಗರು ಈಗ ಸಂಬಳ ಎಣಿಸುತ್ತಿದ್ದಾರೆ, ಅದಕ್ಕೆ ಜಿಟಿಐ ಬೇಕು. ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ 245 ಕೂಡ ಹಾಗೇ, 2020ರಲ್ಲಿ ಬಂದಿದ್ದು 200 ಕಾರು. ಅದರ ಜೊತೆಗೆ ಅದರ ಸರ್ವೀಸು, ಸ್ಪೇರು ಮಾಮೂಲಿ ಆಕ್ಟೇವಿಯಾ ನೋಡುವ ಮೆಕ್ಯಾನಿಕ್‌ಗೂ ಅರ್ಥವಾಗುತ್ತದೆ. ಇದು ದೊಡ್ಡ ಮಾತು. ಒಂದು ಬಂಪರ್ ಬೇಕಾದರೆ ಮೂರು ತಿಂಗಳು ಹಡಗಿಗೆ ಕಾಯಬೇಕು ಅಂದರೆ ಕೊಳ್ಳುವವನು ಅಲ್ಲೇ ಎದ್ದು ಹೋಗುತ್ತಾನೆ.

ಮಾಡಿಫಿಕೇಶನ್ ವಿಷಯಕ್ಕೆ ಬಂದರೆ ನಾನು ಎಷ್ಟೋ ಜನರ ಮನಸ್ಸು ನೋಯಿಸಿದ್ದೇನೆ. ಮೂರು ಲಕ್ಷದ ಎಕ್ಸಾಸ್ಟು, ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವ ರೀಮ್ಯಾಪು, ನೆಲಕ್ಕೆ ಇಳಿಸಿದ ಸಸ್ಪೆನ್ಷನ್ನು. ಓನರ್ ಅದನ್ನೆಲ್ಲ ಬೆಲೆಗೆ ಕೂಡಿಸುತ್ತಾರೆ, ನಾನು ಕಳೆಯುತ್ತೇನೆ. ಕಾರಣ ಸರಳ. ಮುಂದಿನ ಓನರ್‌ಗೆ ವಾರಂಟಿ ಬೇಕು, ರೀಮ್ಯಾಪ್ ಕಂಡರೆ ಕಂಪನಿ ಕೈ ಎತ್ತುತ್ತದೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು. ಕಂಪನಿ ಕೊಟ್ಟ ಮೂಲ ರಚನೆಯನ್ನೇ ಬದಲಿಸಿದ ಗಾಡಿಗೆ ನೋಂದಣಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮಲ್ಲೇಶ್ವರದ ಒಬ್ಬ ಹುಡುಗ ಮಾತ್ರ ನನಗೆ ಮೆಚ್ಚುಗೆಯಾದ. ಬಿಚ್ಚಿದ ಮೂಲ ಸೈಲೆನ್ಸರು, ಸ್ಪ್ರಿಂಗು, ಏರ್ ಫಿಲ್ಟರ್ ಡಬ್ಬಿ ಎಲ್ಲವನ್ನೂ ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದ. ಮಾರುವ ಮುಂಚೆ ವಾಪಸ್ ಹಾಕಿಸಿ, ಹೊರಗಿನ ಸಾಮಾನನ್ನು ಬೇರೆಯಾಗಿ ಮಾರಿಕೊಂಡ. ಅವನ ಅಮ್ಮನಿಗೆ ಮಂಚದ ಕೆಳಗೆ ಗುಡಿಸಲು ಜಾಗ ಸಿಕ್ಕಿತು.

ನಾನು ಈಗ ಕಾರು ನೋಡುವ ರೀತಿಯೂ ಬದಲಾಗಿದೆ. ಮೊದಲು ಲಿಫ್ಟಿಗೆ ಏರಿಸಿ ಹೊಟ್ಟೆ ನೋಡುತ್ತೇನೆ, ಯಾಕಂದರೆ ನಮ್ಮ ಹಂಪ್‌ಗಳು ತಗ್ಗು ಕಾರಿನ ಕತೆಯನ್ನು ಅಲ್ಲೇ ಬರೆದಿರುತ್ತವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯುತ್ತೇನೆ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು ಕಡೆಯ ವಿಲ್ಲಾಗಳಲ್ಲಿ ಕೋಟಿಯ ಕಾರುಗಳು ಮುಳುಗಿದ್ದನ್ನು ಟೀವಿಯಲ್ಲಿ ನೋಡಿರುತ್ತೀರಿ. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ. ಒಳಗೆ ಸುತ್ತಿಕೊಂಡಿರುವ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿದುಬಿಟ್ಟಿರುತ್ತದೆ. ಪೋರ್ಷೆ ಆದರೆ ಲ್ಯಾಪ್‌ಟಾಪ್ ಹಚ್ಚಿ ಓವರ್ ರೆವ್ ಲೆಕ್ಕ ತೆಗೆಸುತ್ತೇನೆ. ಇಂಜಿನ್ ಮಿತಿ ಮೀರಿ ಎಷ್ಟು ಸಲ ಸುತ್ತಿತು, ಕೊನೆಯ ಸಲ ಆಗಿದ್ದು ಇಂಜಿನ್ ಎಷ್ಟು ಗಂಟೆ ಓಡಿದ್ದಾಗ, ಎಲ್ಲವನ್ನೂ ಆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಓಡೋಮೀಟರ್ ನೋಡುವುದು ಇದೆಲ್ಲ ಆದ ಮೇಲೆ.

ಹೋದ ಚಳಿಗಾಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಸಾಫ್ಟ್‌ವೇರ್ ಹುಡುಗ ಬಂದ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಕಾರು, 48 ಲಕ್ಷಕ್ಕೆ. ಫೈಲ್ ಸರಿಯಾಗಿತ್ತು, ಹೊಟ್ಟೆ ಸರಿಯಾಗಿತ್ತು. 37 ಲಕ್ಷ ಅಂತ ಬರೆದುಕೊಟ್ಟೆ. ಅವನ ಮುಖ ಸಪ್ಪಗಾಯಿತು.

"ಹನ್ನೊಂದು ಲಕ್ಷ ಹೋಯ್ತಾ ಸಾರ್?"

ಎಷ್ಟು ಓಡಿಸಿದಿರಿ ಅಂತ ಕೇಳಿದೆ. 27 ಸಾವಿರ ಅಂದ. ಕ್ಯಾಲ್ಕುಲೇಟರ್ ಅವನ ಕಡೆ ತಿರುಗಿಸಿದೆ. ಕಿಲೋಮೀಟರಿಗೆ 40 ರೂಪಾಯಿ ಚಿಲ್ಲರೆ, ಪೆಟ್ರೋಲ್ ಬಿಟ್ಟು. ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ. ಇದೇ ಕಾರನ್ನು ಶೋರೂಮಿನಿಂದ ಮೊದಲು ಬಿಡಿಸಿಕೊಂಡವರು ಮೊದಲ ಮೂರು ವರ್ಷಕ್ಕೆ ಇದಕ್ಕಿಂತ ತುಂಬಾ ಜಾಸ್ತಿ ಕಳೆದುಕೊಂಡಿದ್ದರು, ಹಳೆ ಇನ್‌ವಾಯ್ಸ್ ಅದೇ ಫೈಲಿನಲ್ಲಿತ್ತು. ಅದನ್ನೂ ತೋರಿಸಿದೆ. ಇಳಿಜಾರು ಈಗ ಸ್ವಲ್ಪ ಸಪಾಟಾಗಿದೆ, ಇನ್ನೆರಡು ವರ್ಷ ಇಟ್ಟುಕೊಂಡರೆ ಇಷ್ಟು ಬೀಳಲಿಕ್ಕಿಲ್ಲ ಅಂದೆ. ಕಾರು ಬಂದರೆ ನನಗೆ ಕಮಿಷನ್ ಸಿಗುತ್ತಿತ್ತು, ಆದರೂ ಹೇಳಿದೆ. ಯಜಮಾನರಿಗೆ ಈ ವಿಷಯ ಗೊತ್ತಿಲ್ಲ, ಇದನ್ನು ಓದುವುದೂ ಇಲ್ಲ ಅಂದುಕೊಂಡಿದ್ದೇನೆ.

"ಮನೆಯಲ್ಲಿ ಕೇಳಿ ಹೇಳ್ತೀನಿ ಸಾರ್" ಅಂತ ಎದ್ದ. ಭಾನುವಾರ ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ನಂದಿ ಬೆಟ್ಟದ ರಸ್ತೆ, ಮಂಜು, ಪಕ್ಕಕ್ಕೆ ನಿಲ್ಲಿಸಿದ ಅದೇ ಕಾರು. ಕೆಳಗೆ ಏನೂ ಬರೆದಿರಲಿಲ್ಲ. ನನ್ನ ಕೊಟೇಶನ್ ಮೇಲೆ ಏಳು ದಿನಕ್ಕೆ ಮಾತ್ರ ಅಂತ ಸೀಲ್ ಹಾಕಿದ್ದೆ. ಅದು ಮುಗಿದು ಎರಡು ತಿಂಗಳಾಯಿತು.