ಇಲ್ಲದವರ ಮುಖ ಬರೆಯುವುದು

ಲಂಡನ್ನಿನ ಚಿತ್ರ ಕಲಾವಿದೆ ಲಿನೆಟ್ ಯಿಯಾಡಮ್-ಬೊವಾಚಿ ಬರೆಯುವ ಜನ ನಿಜದಲ್ಲಿ ಎಲ್ಲೂ ಇಲ್ಲ. ಘಾನಾ ಮೂಲದ ತಂದೆತಾಯಿಗೆ 1977ರಲ್ಲಿ ಹುಟ್ಟಿದ ಈಕೆ, ಕೂಡಿಟ್ಟ ಚಿತ್ರಗಳು, ನೆನಪು, ಕಲ್ಪನೆ ಸೇರಿಸಿ ಒಬ್ಬೊಬ್ಬರನ್ನೇ ಕಟ್ಟುತ್ತಾರೆ. ಎಷ್ಟೋ ಕ್ಯಾನ್ವಾಸ್ ಒಂದೇ ದಿನದಲ್ಲಿ ಮುಗಿದಿವೆ. ಬ್ರಿಟನ್ನಿನ ಕಲಾ ಪ್ರಶಸ್ತಿಯಾದ ಟರ್ನರ್‌ನ 2013ರ ಅಂತಿಮ ಪಟ್ಟಿಯಲ್ಲೂ ಇದ್ದರು. ಅವರ ಜನರ ಕಾಲಲ್ಲಿ ಚಪ್ಪಲಿ, ಬೂಟು ಕಾಣುವುದು ಅಪರೂಪ. ಅದು ಬಂದರೆ ಕಾಲಮಾನವೂ ಜೊತೆಗೆ ಬಂದುಬಿಡುತ್ತದೆ.

ದಾವಣಗೆರೆಯಲ್ಲಿ ಕೂತು ಇದನ್ನು ಮಾಡಹೊರಟರೂ ಅದೇ ತೊಡಕು. ತಲೆಗೆ ರುಮಾಲು ಸುತ್ತಿದಿರೋ, ಅವನು ಎಪಿಎಂಸಿಗೆ ಮೆಕ್ಕೆಜೋಳ ತಂದ ರೈತ. ಖಾಕಿ ಅಂಗಿ ತೊಡಿಸಿದಿರೋ, ಆಟೊ ಚಾಲಕ. ನೋಡುವವರು ಮುಖ ಬಿಟ್ಟು ಕಸುಬು ಓದತೊಡಗುತ್ತಾರೆ. ಕಾಲರ್ ಇಲ್ಲದ, ಒಂದೇ ಬಣ್ಣದ ಬಟ್ಟೆ ಸಾಕು.

ಇನ್ನೊಂದು, ಬರೆದ ಮುಖಗಳೆಲ್ಲ ಬರೆದವರ ಹಾಗೇ ಆಗುವುದು. ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷದ ಹಿಂದೆಯೇ ಇದರ ಬಗ್ಗೆ ಎಚ್ಚರಿಸಿದ್ದ. ಹಣೆ ಒಂದು ಫೋಟೊದಿಂದ, ಕಿವಿ ಇನ್ನೊಂದರಿಂದ, ಕೈ ಮತ್ತೊಂದರಿಂದ ತಗೊಳ್ಳಿ. ಮೂಗು ಹೀಗೇ ಇರಬೇಕಿತ್ತೆಂದು ತಕರಾರು ತೆಗೆಯುವವರು ಯಾರೂ ಇಲ್ಲ. ಇಂಥ ಚಿತ್ರ ಕೆಡುವುದು ಬೆಳಕಿನಿಂದ. ಎಡದಿಂದ ಬೆಳಗಿದ ಹಣೆಗೆ ಬಲದಿಂದ ಬೆಳಗಿದ ಗಲ್ಲ ಕೂಡಿಸಿದರೆ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಸುಳ್ಳು ತಿಳಿಯುತ್ತದೆ. ಮೊಬೈಲಿನಲ್ಲಿ ಒಂದನ್ನು ಮಿರರ್ ಮಾಡಿಕೊಳ್ಳಿ. ಫ್ಲ್ಯಾಶ್ ಹೊಡೆದ ಮದುವೆ ಫೋಟೊ ಬೇಡವೇ ಬೇಡ, ಅದರಲ್ಲಿ ಮುಖ ತಟ್ಟೆಯಂತಾಗಿರುತ್ತದೆ.

ಬಣ್ಣ ಆಯಿಲ್ ಇರಲಿ. ಇಲ್ಲಿನ ಏಪ್ರಿಲ್ ಸೆಕೆಗೆ ಅಕ್ರಿಲಿಕ್ ಪ್ಯಾಲೆಟ್ ಮೇಲೆಯೇ ಒಣಗುತ್ತದೆ, ಹಸಿಯ ಮೇಲೆ ಹಸಿ ಬಳಿಯಲಾಗದು. 18x24 ಇಂಚಿನ ಕ್ಯಾನ್ವಾಸಿಗೆ ಎರಡು ಕೋಟ್ ಗೆಸ್ಸೊ, ಅಂದರೆ ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ, ಕೊಡಿ. ಒಣಗಿದ ಮೇಲೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಬರ್ನ್ಟ್ ಅಂಬರ್ (ಕಡುಗಂದು) ಬಳಿದು ಬಟ್ಟೆಯಿಂದ ಒರೆಸಿ. ಈ ತಳಬಣ್ಣ ಬಿಡಬೇಡಿ. ಬರೀ ಬಿಳಿಯ ಮೇಲೆ ಕಂದು ಮೈಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಕೈ ತಾನಾಗಿ ಬಿಳಿ ಬೆರೆಸುತ್ತದೆ, ಮುಖ ಬೂದಿ ಬಳಿದಂತಾಗುತ್ತದೆ. ಬೆಳಕಿನ ಭಾಗವನ್ನು ಕೆಂಗಂದು ಬರ್ನ್ಟ್ ಸಿಯೆನ್ನಾಕ್ಕೆ ಮಣ್ಣುಹಳದಿ ಯೆಲ್ಲೊ ಓಕರ್ ಸೇರಿಸುತ್ತ ಏರಿಸಿ. ಟೈಟಾನಿಯಂ ವೈಟ್ ಕೊನೆಗೆ, ಚೂರೇ ಚೂರು ಅಲ್ಟ್ರಾಮರೀನ್ ನೀಲಿ ಬೆರೆಸಿ, ಹಣೆಗೂ ಮೂಗಿನ ತುದಿಗೂ ಮಾತ್ರ. ಟ್ಯೂಬಿನ ಕಪ್ಪು ಸತ್ತ ಬಣ್ಣ. ಅಲ್ಟ್ರಾಮರೀನ್, ಬರ್ನ್ಟ್ ಅಂಬರ್ ಹೆಚ್ಚುಕಮ್ಮಿ ಸಮ ಬೆರೆಸಿದರೆ, ಬೇಕಾದತ್ತ ನೀಲಿಗೋ ಕಂದಿಗೋ ತಿರುಗಿಸಬಹುದಾದ ಕಪ್ಪು ಸಿಗುತ್ತದೆ.

ನೆರಳು ತೆಳು, ಬೆಳಕು ದಪ್ಪ, ಎರಡಕ್ಕೂ ಬೇರೆ ಬೇರೆ ಬ್ರಷ್. ಹಸಿಯಲ್ಲಿ ಒಂದೇ ಜಾಗವನ್ನು ನಾಲ್ಕೈದು ಸಲ ತಿದ್ದಿದರೆ ಕೆಸರೇ. ಪ್ಯಾಲೆಟ್ ನೈಫಿನಿಂದ ಕೆರೆದು ಹೊಸದಾಗಿ ಹಾಕಿ.

ಒಣಗಿದ ಮೇಲೆ ಅಂಬರ್ ಇದ್ದ ಜಾಗ ಅಲ್ಲಲ್ಲಿ ಮಂಕಾದರೆ ಗಾಬರಿ ಬೇಡ, ಬಣ್ಣದ ಎಣ್ಣೆ ಕೆಳಗಿನ ಪದರಕ್ಕೆ ಇಳಿದಿರುತ್ತದೆ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಲಿನ್‌ಸೀಡ್ ಎಣ್ಣೆಯನ್ನು ತೆಳುವಾಗಿ ಉಜ್ಜಿ, ಮಿಕ್ಕಿದ್ದನ್ನು ಪೂರ್ತಿ ಒರೆಸಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಅಗಲವಾಗಿ ಹರಡಿ ಒಣಹಾಕಿ.