ತಣ್ಣನೆಯ ಸಮುದ್ರ ಮತ್ತು ನನ್ನ ತಪ್ಪು ಟಿಪ್ಪಣಿ

ಬೈತಖೋಲದ ಬಂದರಿನ ಪಕ್ಕದಲ್ಲಿ ಬೆಳೆದ ನನಗೆ, ಸಮುದ್ರ ಕಾದರೆ ಮೋಡ ಕಟ್ಟುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇ ತಿಂಗಳಲ್ಲಿ ಕಾರವಾರದ ನೀರು 30 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಸಂಜೆಯ ಗುಡುಗು ಶುರುವಾಗುವುದನ್ನು ವರ್ಷವರ್ಷವೂ ನೋಡಿದ್ದೆ. ಈ ತಿಳಿವಳಿಕೆಯನ್ನೇ ಗಂಟು ಕಟ್ಟಿಕೊಂಡು ಒಮಾನಿನ ಸಲಾಲಾಕ್ಕೆ ಹೋದೆ. ಅಲ್ಲಿಯ ಕಾಮಗಾರಿಯೊಂದರಲ್ಲಿ ಗಾಳಿ, ನೀರು, ಮೋಡಗಳ ದಿನವಹಿ ಟಿಪ್ಪಣಿ ಬರೆದು ಕ್ರೇನ್ ನಡೆಸುವವರಿಗೆ ಕೊಡುವುದು ನನ್ನ ಕೆಲಸವಾಗಿತ್ತು.

ಮೊದಲ ಜುಲೈನಲ್ಲಿ ನೀರಿನ ತಾಪಮಾನ ದಿನೇ ದಿನೇ ಇಳಿದು 24 ಡಿಗ್ರಿಗೆ ಬಂತು. ನೀರು ತಣಿದರೆ ಆವಿ ಕಡಿಮೆ, ಆವಿ ಕಡಿಮೆಯಾದರೆ ಮೋಡವೂ ತೆಳು ಎಂದು ಲೆಕ್ಕ ಹಾಕಿ, ಮರುದಿನ ಬೆಳಿಗ್ಗೆ 6 ಗಂಟೆಗೇ ಭಾರ ಎತ್ತಬಹುದೆಂದು ಬರೆದೆ. ಬೆಳಗಾದಾಗ ಕ್ರೇನಿನ ತುದಿಯೇ ಕಾಣಲಿಲ್ಲ. ಕೊಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮಳೆಯೆಂಬುದು ಮಾತ್ರ ಇರಲಿಲ್ಲ. ಇಡೀ ಪಾಳಿಯ ಜನ ಮಧ್ಯಾಹ್ನದವರೆಗೆ ಚಹಾ ಕುಡಿಯುತ್ತ, ನನ್ನ ಕಡೆ ನೋಡುತ್ತ ಕೂತರು.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಮೇಲಿನ ಗಾಳಿಯನ್ನು. ನೈಋತ್ಯ ಮಾರುತ ಅಲ್ಲಿ ಕರಾವಳಿಯ ಉದ್ದಕ್ಕೆ ಬೀಸುತ್ತದೆ. ಭೂಮಿ ತಿರುಗುವ ಕಾರಣ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ತೀರದಿಂದ ಆಚೆಗೆ ಸರಿಯುತ್ತದೆ ಮತ್ತು ಆ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ದೂರದ ಬೆಚ್ಚನೆಯ ಸಮುದ್ರದಿಂದ ತೇವ ಹೊತ್ತು ಬಂದ ಗಾಳಿ ಈ ತಣ್ಣೀರಿನ ಮೇಲೆ ಹಾಯುವಾಗ ತಂಪಾಗುತ್ತದೆ, ಆದರೆ ಮರುಭೂಮಿಯ ಬಿಸಿ ಒಣಗಾಳಿ ಅದರ ನೆತ್ತಿಯ ಮೇಲೆ ಮುಚ್ಚಳದಂತೆ ಕೂತಿರುವುದರಿಂದ ಮೇಲೇರಲಾರದೆ ತಗ್ಗಿನಲ್ಲೇ ಮೋಡವಾಗಿ ಹಾಸಿಕೊಳ್ಳುತ್ತದೆ. ಚಳಿಗಾಲದ ಮುಂಜಾನೆ ಶಿರಸಿ ಕಡೆ ಬಚ್ಚಲೊಲೆಯ ಹೊಗೆ ಅಡಿಕೆ ಮರಗಳ ತುದಿಯವರೆಗೆ ಏರಿ, ಅಲ್ಲಿಂದ ತೋಟದುದ್ದಕ್ಕೂ ಅಡ್ಡಲಾಗಿ ಹರಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರು ತಣಿದಷ್ಟೂ ಕೆಳಗಿನ ಗಾಳಿಗೂ ಮೇಲಿನದಕ್ಕೂ ಅಂತರ ಹೆಚ್ಚಿ ಮುಚ್ಚಳ ಬಿಗಿಯಾಗುತ್ತದೆ. ಕ್ಯಾಲಿಫೋರ್ನಿಯಾ ತೀರದ ಬೇಸಿಗೆಯ ಮೋಡಕ್ಕೂ ಇಂಥದೇ ತಣ್ಣೀರು, ಇಂಥದೇ ಮುಚ್ಚಳ; ಅಲ್ಲಿ ಸಮುದ್ರ ಬಿಸಿಯಾದಾಗ ತಗ್ಗಿನ ಮೋಡ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಊರಿಗೆ ಮರಳಿದ ಮೇಲೂ ಇದೇ ಕೆಲಸ ಮಾಡುತ್ತಿದ್ದೇನೆ. ಸಲಾಲಾದ ನಿಯಮವನ್ನು ಕಾರವಾರಕ್ಕೆ ಅನ್ವಯಿಸಲು ಹೋಗಿ ಇನ್ನೊಮ್ಮೆ ಎಡವಿದ್ದೂ ಉಂಟು. ಮಳೆಗಾಲದಲ್ಲಿ ನಮ್ಮ ನೀರೂ ತುಸು ತಣಿಯುತ್ತದೆ, ಆದರೆ ಇಲ್ಲಿ ಆ ಮುಚ್ಚಳವಿಲ್ಲ; ತೇವದ ಗಾಳಿ ಸಹ್ಯಾದ್ರಿಗೆ ತಾಗಿ ಕಿಲೋಮೀಟರುಗಟ್ಟಲೆ ಮೇಲೇರುತ್ತದೆ. ಹೀಗಾಗಿ ಈಗ ನೀರಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಪಣಜಿಯ ಹವಾಮಾನ ಬಲೂನು ಮೊದಲ 2 ಕಿಲೋಮೀಟರಿನಲ್ಲಿ ಅಳೆದ ತಾಪಮಾನವನ್ನೂ ಬರೆಯುತ್ತೇನೆ, ಮತ್ತು ಆ ಕಾಲಂ ಖಾಲಿ ಉಳಿದ ದಿನ ಮೋಡದ ಮುನ್ಸೂಚನೆ ಕೊಡುವುದಿಲ್ಲ.